ಹಾವಿನ ಕಣ್ಣಿನ ಪೊರೆಗೆ ಕೈ ಹಾಕಬೇಡಿ

ಬೇಸಿಗೆ ಶುರುವಾದರೆ ದಾವಣಗೆರೆಯ ನಮ್ಮ ಕ್ಲಿನಿಕ್ಕಿಗೆ ಬರುವ ಸಾಕುಹಾವುಗಳದ್ದು ಬಹುತೇಕ ಒಂದೇ ಕಥೆ. ಪೊರೆ ಪೂರ್ತಿ ಬಿಟ್ಟಿರುವುದಿಲ್ಲ, ಉಳಿದದ್ದನ್ನು ಮನೆಯವರೇ ಕಿತ್ತಿರುತ್ತಾರೆ. ಬಾಲ್ ಪೈಥಾನ್‌ನಂಥ ಹೊರದೇಶದ ಹಾವುಗಳ ಮಾತು ಇದು. ಅವನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಾಗರ, ಕೇರೆ, ನಮ್ಮ ಹೆಬ್ಬಾವು ಇವನ್ನೆಲ್ಲ ಮನೆಯಲ್ಲಿ ಸಾಕುವಂತೆಯೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ.

ವಿದ್ಯಾನಗರದ ಹುಡುಗನೊಬ್ಬ ಹಾವಿನ ಜೊತೆ ಅಮ್ಮನನ್ನೂ ಕರೆತಂದಿದ್ದ. ಅವರು ಕೇಳಿದ ಮೊದಲ ಪ್ರಶ್ನೆ: ‘ಇದು ಕಣ್ಣೇ ಮುಚ್ಚಲ್ಲ, ನಿದ್ದೆ ಮಾಡಲ್ವಾ ಡಾಕ್ಟ್ರೇ?’ ಎಷ್ಟು ಒಳ್ಳೆಯ ಪ್ರಶ್ನೆ! ನಿದ್ದೆ ಮಾಡುತ್ತದೆ, ಆದರೆ ಹಾವಿಗೆ ರೆಪ್ಪೆಯೇ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕ ಚರ್ಮದ ಹೊದಿಕೆ ಇದೆ. ಪೊರೆ ಬಿಡುವಾಗ ಅದರ ಮೇಲ್ಪದರವೂ ಜೊತೆಗೇ ಕಳಚುತ್ತದೆ. ಮಗ ಚಿಮಟ ಹಾಕಿ ಎಳೆದದ್ದು ಇದನ್ನೇ. ಹಾಗೆ ಎಳೆದರೆ ಮೇಲ್ಪದರದ ಜೊತೆ ಕೆಳಗಿನ ಜೀವಂತ ಹೊದಿಕೆಯೂ ಹರಿಯಬಹುದು. ಆಮೇಲೆ ಕಣ್ಣು ಒಣಗುತ್ತದೆ, ಕೀವಾಗುತ್ತದೆ, ಕಣ್ಣೇ ಹೋಗಬಹುದು. ಅವನ ಹಾವಿನ ಕಣ್ಣು ಉಳಿಯಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಕಣ್ಣು ನೀಲಿ ಹಾಲಿನ ಹಾಗೆ ಮಬ್ಬಾದರೆ ಅದು ರೋಗವಲ್ಲ, ಪೊರೆ ಬಿಡುವ ಸೂಚನೆ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಸುಮ್ನೆ ಬಿಟ್ಟುಬಿಡಿ. ಪೊರೆ ಬಿದ್ದ ಮೇಲೆ ತಲೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿ. ಎರಡು ಪುಟ್ಟ ಗುಂಡನೆಯ ಬಿಲ್ಲೆ ಕಂಡರೆ ಎಲ್ಲ ಸರಿಯಾಗಿದೆ. ಒಂದೇ ಕಂಡರೂ ಗಾಬರಿ ಬೇಡ, ಕಣ್ಣಿನ ಮೇಲೆ ಉಳಿದದ್ದು ಸಾಮಾನ್ಯವಾಗಿ ಮುಂದಿನ ಪೊರೆಯ ಜೊತೆ ಹೋಗುತ್ತದೆ. ಆಗಲೂ ಹೋಗದಿದ್ದರೆ ಕರೆತನ್ನಿ. ಚಿಮಟ, ಉಗುರು, ಅಂಟುಪಟ್ಟಿ ಯಾವುದೂ ಬೇಡ. ಮತ್ತೆ ಹೇಳುತ್ತೇನೆ, ಯಾವುದೂ ಬೇಡ.

ನಿಜವಾದ ತೊಂದರೆ ನಮ್ಮ ಊರಿನ ಒಣಗಾಳಿ. ಚಿತ್ರದುರ್ಗದ ಕಡೆಯವರಿಗೂ ಇದೇ ಮಾತು. ತೇವ ಸಾಲದಿದ್ದರೆ ಪೊರೆ ಚೂರುಚೂರಾಗಿ ಬರುತ್ತದೆ. ಮುಚ್ಚಳವಿರುವ ಡಬ್ಬಿಗೆ ಹಾವು ನುಗ್ಗುವಷ್ಟು ತೂತು ಮಾಡಿ, ಒಳಗೆ ಒದ್ದೆ ಬಟ್ಟೆ ಹಾಸಿ ಇಡಿ. ಮೈಮೇಲೆ ಚೂರು ಉಳಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆ ಮುಳುಗುವಷ್ಟು ಮಾತ್ರ ಹದಿನೈದು ನಿಮಿಷ ಬಿಡಿ, ಪಕ್ಕದಲ್ಲೇ ಇರಿ. ಬಾಲದ ತುದಿಯಲ್ಲಿ ಉಂಗುರದಂತೆ ಉಳಿದದ್ದನ್ನು ಮಾತ್ರ ಅಲಕ್ಷ್ಯ ಮಾಡಬೇಡಿ, ರಕ್ತ ಓಡಾಟ ನಿಂತು ತುದಿ ಕೊಳೆಯಬಹುದು.

ಸೋಪು ಬೇಡ. ಪೆಟ್ಟಿಗೆಗೆ ಫಿನಾಯಿಲ್ ಖಂಡಿತ ಬೇಡ, ಹಾವಿಗೆ ಅದು ವಿಷ. ಅಡುಗೆಮನೆಯ ಸಿಂಕಿನಲ್ಲಂತೂ ಏನನ್ನೂ ತೊಳೆಯಬೇಡಿ. ಆರೋಗ್ಯವಾಗಿ ಕಾಣುವ ಹಾವಿನಲ್ಲೂ ನಮಗೆ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ಮೇಲೆ ಸೋಪು ನಿಮ್ಮ ಕೈಗೆ, ಮಕ್ಕಳಿದ್ದರೆ ಅವರ ಕೈಗೂ.