ಕೊಂದಷ್ಟೂ ಹಬ್ಬಿದ ಕಯೋಟಿ

ಸತ್ತ ಕುರಿಯ ಕುತ್ತಿಗೆಯ ಚರ್ಮವನ್ನು ಚಾಕುವಿನಿಂದ ಬಿಡಿಸಿ ನೋಡುತ್ತಾರೆ. ದವಡೆಯ ಕೆಳಗೆ ಹಲ್ಲಿನ ತೂತುಗಳಿದ್ದು, ಅವುಗಳ ಸುತ್ತ ಚರ್ಮದಡಿ ರಕ್ತ ಹೆಪ್ಪುಗಟ್ಟಿದ್ದರೆ ಕುರಿಗೆ ಜೀವವಿದ್ದಾಗಲೇ ಬಾಯಿ ಬಿದ್ದಿದೆ ಎಂದರ್ಥ. ರಕ್ತದ ಗುರುತೇ ಇಲ್ಲದಿದ್ದರೆ ಕುರಿ ರೋಗಕ್ಕೋ ಚಳಿಗೋ ಸತ್ತಿರಬೇಕು, ತೋಳದ ಜಾತಿಯ ಕಾಡುಪ್ರಾಣಿ ಕಯೋಟಿ ಆಮೇಲೆ ಬಂದು ತಿಂದಿರಬೇಕು. ಅಮೆರಿಕದ ಕುರಿ ಸಾಕುವವರಿಗೆ ಗೊತ್ತಿರುವ ಪರೀಕ್ಷೆ ಇದು. ಆದರೆ ಆ ದೇಶದ ಸರ್ಕಾರ ಸುಮಾರು ನೂರು ವರ್ಷ ಕಯೋಟಿಗಳನ್ನು ಕೊಂದ ರೀತಿಯಲ್ಲಿ ಇಷ್ಟು ವಿಚಾರಣೆಯೂ ಇರಲಿಲ್ಲ. ಕುರಿ ಕೊಂದದ್ದು, ಕೊಲ್ಲದ್ದು ಎರಡಕ್ಕೂ ಒಂದೇ ಶಿಕ್ಷೆ.

ಕಯೋಟಿ ನಮ್ಮಲ್ಲಿಲ್ಲ. ಅದು ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ ಸಾಮಾನ್ಯವಾಗಿ 10ರಿಂದ 18 ಕಿಲೋ. ಇಲಿ, ಮೊಲ, ಮಿಡತೆ, ಬಿದ್ದ ಹಣ್ಣು, ಸತ್ತ ಪ್ರಾಣಿ ಏನಾದರೂ ಸರಿ, ತಿಂದು ಬದುಕುತ್ತದೆ. ಮೊದಲು ಇದರ ನೆಲೆ ಮುಖ್ಯವಾಗಿ ಪಶ್ಚಿಮದ ಹುಲ್ಲುಗಾವಲು ಮತ್ತು ಮರುಭೂಮಿ. ವಲಸೆ ಬಂದವರು ಕಾಡೆಮ್ಮೆಗಳನ್ನು ಮುಗಿಸಿ, ಅದೇ ಬಯಲಿಗೆ ದನ, ಕುರಿ ತಂದು ಬಿಟ್ಟರು. ದನ ಕುರಿಗಳಿಗೆ ಬಾಯಿ ಹಾಕಿದ ತೋಳಗಳನ್ನೂ ಬಹುಪಾಲು ನಿರ್ನಾಮ ಮಾಡಿದರು. ಕಯೋಟಿಯನ್ನು ಹಿಡಿತದಲ್ಲಿಟ್ಟಿದ್ದ ಪ್ರಾಣಿಯೇ ತೋಳ. ಅದು ತೆರವು ಮಾಡಿದ ಜಾಗಕ್ಕೆಲ್ಲ ಕಯೋಟಿ ನುಗ್ಗಿತು.

1931ರಲ್ಲಿ ಅಮೆರಿಕದ ಸಂಸತ್ತು ಇಂಥ ಪ್ರಾಣಿಗಳನ್ನು ಕೊಲ್ಲಲು ಕಾಯ್ದೆಯನ್ನೇ ಮಾಡಿತು. ಮಾಂಸದ ತುಂಡುಗಳಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇಟ್ಟರು. 1940ರ ದಶಕದಲ್ಲಿ ‘1080’ ಎಂಬ ಇನ್ನೂ ಉಗ್ರ ವಿಷ ಬಂತು. ವಿಷಕ್ಕೆ ಗುರಿ ಎಂಬುದಿಲ್ಲವಲ್ಲ, ಹದ್ದು ತಿಂದರೆ ಹದ್ದು, ಸಾಕುನಾಯಿ ತಿಂದರೆ ಸಾಕುನಾಯಿ ಸತ್ತಿತು. 1972ರಲ್ಲಿ ಅಧ್ಯಕ್ಷ ನಿಕ್ಸನ್ ಸರ್ಕಾರಿ ಜಮೀನುಗಳಲ್ಲಿ ಈ ವಿಷಗಳನ್ನು ನಿಷೇಧಿಸಿದರು. ಹತ್ತು ವರ್ಷದ ನಂತರ ಅಧ್ಯಕ್ಷ ರೇಗನ್ ಆ ಆದೇಶವನ್ನು ಹಿಂಪಡೆದರು. ವಾಸನೆಗೆ ಮರುಳಾಗಿ ಕಚ್ಚಿ ಎಳೆದ ಪ್ರಾಣಿಯ ಬಾಯಿಗೆ ಸಯನೈಡ್ ಚಿಮ್ಮಿಸುವ ‘ಎಂ-44’ ಕೊಳವೆಗಳು ಮುಂದೆಯೂ ನೆಲದಲ್ಲಿ ಹೂತುಕೊಂಡೇ ಇದ್ದವು. 2017ರಲ್ಲಿ ಐಡಾಹೊ ರಾಜ್ಯದ ಪೊಕಟೆಲ್ಲೊ ಬಳಿ ತನ್ನ ನಾಯಿಯೊಂದಿಗೆ ಗುಡ್ಡ ಹತ್ತಿದ್ದ 14 ವರ್ಷದ ಹುಡುಗನೊಬ್ಬ, ಏನೆಂದು ತಿಳಿಯದೆ ಅಂಥದ್ದೊಂದನ್ನು ಮುಟ್ಟಿದ. ಹುಡುಗ ಉಳಿದ. ನಾಯಿ ಅವನ ಕಣ್ಣೆದುರೇ ಸತ್ತಿತು.

ಇಷ್ಟೆಲ್ಲ ಆದ ಮೇಲೂ ಇಂದು ಹವಾಯಿ ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲಿ ಕಯೋಟಿ ಇದೆ, ದಕ್ಷಿಣಕ್ಕೆ ಪನಾಮಾವರೆಗೂ ತಲುಪಿದೆ. ಕಾರಣ ಅದರ ಸಂಸಾರದ ಕಟ್ಟಿನಲ್ಲಿದೆ. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಜೋಡಿ ಮರಿ ಹಾಕುತ್ತದೆ. ಆ ಜೋಡಿಯನ್ನು ಕೊಂದರೆ ಗುಂಪು ಒಡೆಯುತ್ತದೆ, ಎಳೆಯ ಹೆಣ್ಣುಗಳೂ ಬೆದೆಗೆ ಬರುತ್ತವೆ. ತಿನ್ನುವ ಬಾಯಿ ಕಡಿಮೆಯಾದಾಗ ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ, ಅವುಗಳ ಹೊಟ್ಟೆ ತುಂಬಿಸಲು ಹೆತ್ತವು ದೊಡ್ಡ ಬೇಟೆಗೆ, ಅಂದರೆ ಕುರಿಗೆ, ಇಳಿಯುತ್ತವೆ. ಪ್ರತಿ ವರ್ಷ ಶೇಕಡಾ 75ರಷ್ಟು ಕಯೋಟಿಗಳನ್ನು ಬಿಡದೆ ಕೊಂದರೂ ಸಂತತಿ ಅಳಿಯಲು 50 ವರ್ಷ ದಾಟಬೇಕು ಎಂದು 1975ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದರು. ಕುರಿಯ ತಂಟೆಗೆ ಹೋಗದ ಜೋಡಿಯೊಂದು ಹೊಲದ ಅಂಚಿನಲ್ಲಿ ನೆಲೆಸಿದ್ದರೆ ಅದು ಹೊರಗಿನ ಕಯೋಟಿಗಳನ್ನು ಒಳಗೆ ಬಿಡುವುದಿಲ್ಲ. ಅದನ್ನು ಕೊಲ್ಲುವುದೆಂದರೆ ಪುಕ್ಕಟೆ ಕಾವಲುಗಾರನನ್ನು ಕೊಂದಂತೆ.

ನಮ್ಮ ಬಯಲುಸೀಮೆಯ ಕುರುಬರು ಹೊಲದಲ್ಲಿ ಮಂದೆ ನಿಲ್ಲಿಸಿದಾಗ ಸುತ್ತ ಬಲೆ ಕಟ್ಟಿ, ನಾಯಿ ಬಿಟ್ಟು, ಕಂಬಳಿ ಹೊದ್ದು ಕುರಿಗಳ ಪಕ್ಕದಲ್ಲೇ ಮಲಗುತ್ತಾರೆ. ತೋಳ ಬಂದೇ ಬರುತ್ತದೆ ಎಂಬುದು ಅವರ ಲೆಕ್ಕದಲ್ಲಿರುತ್ತದೆ. ಅಮೆರಿಕದ ಎಷ್ಟೋ ಕಡೆ ತಂತಿಬೇಲಿಯೊಳಗೆ ಕುರಿ ಬಿಟ್ಟು ಮನೆಗೆ ಹೋಗುವ ರೂಢಿ ಬೆಳೆದಿತ್ತು. ವಿಷ ಆ ಗೈರುಹಾಜರಿಯನ್ನು ತುಂಬಿತ್ತು ಎಂದು ನನಗೆ ಅನ್ನಿಸುತ್ತದೆ. 1970ರ ದಶಕದ ಕೊನೆಗೆ ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜಿನವರು ಯುರೋಪ್ ಮತ್ತು ಟರ್ಕಿಯಿಂದ ಕುರಿ ಕಾಯುವ ನಾಯಿಗಳನ್ನು ತರಿಸಿ ರೈತರಿಗೆ ಕೊಡತೊಡಗಿದರು. ಎಂಟು ವಾರದ ನಾಯಿಮರಿಯನ್ನು ಕುರಿಮರಿಗಳ ದೊಡ್ಡಿಗೆ ಬಿಡುತ್ತಾರೆ. ಅದು ಅವುಗಳ ಮೈಗೆ ಮೈ ತಾಗಿಸಿ ಮಲಗುತ್ತದೆ, ಅವು ಎದ್ದರೆ ಏಳುತ್ತದೆ. ದೊಡ್ಡದಾದ ಮೇಲೆ ಮಂದೆಯೇ ಅದರ ಬಳಗ. ಅದು ಬೇಟೆಯಾಡುವುದಿಲ್ಲ, ಕಯೋಟಿಗೂ ಕುರಿಗೂ ನಡುವೆ ನಿಂತು ಬೊಗಳುತ್ತದೆ.

ಮನುಷ್ಯರ ಮಟ್ಟಿಗೆ ಭಯ ಅಪಾಯಕ್ಕಿಂತ ದೊಡ್ಡದು. ಕಯೋಟಿ ದಾಳಿಯಿಂದ ಜನ ಸತ್ತ ದಾಖಲೆ ಎರಡೇ: 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಮಗು, 2009ರಲ್ಲಿ ಕೆನಡಾದಲ್ಲಿ ಒಬ್ಬ ಯುವತಿ. ಆದರೂ ಕಯೋಟಿಗೆ ಕೈಯಾರೆ ತಿನ್ನಿಸಬಾರದು. ಕೋಳಿಗಳನ್ನು ಕತ್ತಲಾಗುವ ಮುನ್ನ ಗೂಡಿಗೆ ಸೇರಿಸಬೇಕು, ಸತ್ತ ಜಾನುವಾರನ್ನು ಬಯಲಲ್ಲಿ ಬಿಡಬಾರದು. ಎದುರಾದರೆ ಬೆನ್ನು ತಿರುಗಿಸಿ ಓಡಬಾರದು. ಮಗುವನ್ನು ಎತ್ತಿಕೊಂಡು, ತೋಳು ಬೀಸಿ, ಗಟ್ಟಿಯಾಗಿ ಕೂಗುತ್ತ ನಿಧಾನವಾಗಿ ಹಿಂದೆ ಸರಿಯಬೇಕು.

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ 2000ನೇ ಇಸವಿಯ ಹೊತ್ತಿಗೆ ಸರ್ಕಾರಿ ಬೇಟೆಗಾರನಿಗೆ ಹಣ ಕೊಡುವುದನ್ನು ನಿಲ್ಲಿಸಿ, ಅದೇ ಹಣವನ್ನು ಬೇಲಿ ಮತ್ತು ಕಾವಲು ನಾಯಿಗಳಿಗೆ ತಿರುಗಿಸಿತು. ಅಲ್ಲಿನ ರೈತ ಬೇಕೆಂದರೆ ತನ್ನ ಜಮೀನಿನಲ್ಲಿ ಬಂದೂಕು ಎತ್ತಬಹುದು, ಆದರೆ ಗುಂಡಿನ ಖರ್ಚು ಊರಿನದಲ್ಲ. ಕೇಂದ್ರದ ಇಲಾಖೆ ಮಾತ್ರ ಈಗಲೂ ವರ್ಷಕ್ಕೆ ಹತ್ತಾರು ಸಾವಿರ ಕಯೋಟಿಗಳನ್ನು ಕೊಲ್ಲುತ್ತಿದೆ. ಪಶ್ಚಿಮದ ಹಿಮದ ಬಯಲುಗಳಲ್ಲಿ, ಕುರಿಗಳು ಮರಿ ಹಾಕುವುದಕ್ಕೂ ಮೊದಲೇ, ಹೆಲಿಕಾಪ್ಟರಿನಿಂದ ಗುಂಡು ಹಾರುತ್ತದೆ. ಆಗ ಕುತ್ತಿಗೆ ಬಿಡಿಸಿ ನೋಡಲು ಸತ್ತ ಕುರಿಯೂ ಇರುವುದಿಲ್ಲ.