ಸಂಶೋಧನೆಯನ್ನು ಪೇಟೆಗೆ ತರುವುದೂ ಒಂದು ಕಸುಬು

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಹೋದರೆ ಒಣದ್ರಾಕ್ಷಿ ಶೆಡ್‌ಗಳು ಕಾಣುತ್ತವೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಹಣ್ಣನ್ನು ಅದ್ದುತ್ತಾರೆ. ಆಗ ಸಿಪ್ಪೆಯ ಮೇಣದ ಪದರ ಸಡಿಲಾಗಿ ನೀರಿನಂಶ ಬೇಗ ಆರುತ್ತದೆ. ಆಮೇಲೆ ಬಲೆ ಕಟ್ಟಿದ ರ್‍ಯಾಕ್‌ಗಳಲ್ಲಿ ಹರಡಿ ನೆರಳಲ್ಲಿ ಒಣಗಿಸುತ್ತಾರೆ. ಸುಮಾರು ಎರಡು ವಾರ ಬೇಕು. ನಡುವೆ ಮಳೆ ಹೊಡೆದರೆ ಬಣ್ಣವೂ ಹೋಯಿತು, ದರವೂ ಹೋಯಿತು.

ಈ ಎರಡು ವಾರವನ್ನು ಒಂದಕ್ಕೆ ಇಳಿಸುವ ಡ್ರೈಯರ್ ಒಂದನ್ನು ಯಾವುದೋ ಕಾಲೇಜಿನ ತಂಡ ಮಾಡಿದೆ ಅಂದುಕೊಳ್ಳಿ. ಪ್ರಯೋಗಾಲಯದಲ್ಲಿ ಚೆನ್ನಾಗಿಯೇ ಓಡುತ್ತಿದೆ. ಅದು ರೈತರ ಶೆಡ್ಡಿಗೆ ಬರುವಂತೆ ನೋಡಿಕೊಳ್ಳುವವರು ಯಾರು? ಬಹಳ ಸಲ ಆ ಕೆಲಸ ಪಾಠ, ಪೇಪರ್ ತಿದ್ದುವುದು ಎಲ್ಲ ಮುಗಿಸಿದ ಪ್ರಾಧ್ಯಾಪಕರೊಬ್ಬರಿಗೆ ‘ಹೆಚ್ಚುವರಿ ಹೊಣೆ’ ಆಗಿ ಬೀಳುತ್ತದೆ. ಇದು ಸರಿಯಲ್ಲ. ಇದೇ ಒಂದು ಕಸುಬು. ಇದಕ್ಕೆ ತನ್ನದೇ ಮಾನದಂಡ ಬೇಕು.

‘ಸಂವಹನ ಕೌಶಲ ಇರಬೇಕು’ ಅಂತ ಸುಮ್ನೆ ಬರೆದರೆ ಅದು ಮಾನದಂಡ ಆಗುವುದಿಲ್ಲ. ಕೆಲಸವನ್ನೇ ಬರೆಯಬೇಕು. ಉದಾಹರಣೆಗೆ, ತಂಡ ಡ್ರೈಯರನ್ನು ಕಾಲೇಜಿನ ಉತ್ಸವದಲ್ಲಿ ಒಳಗೂ ಹೊರಗೂ ತೆರೆದು ತೋರಿಸುವ ಮೊದಲೇ ಅವರನ್ನು ತಡೆದು ಕೂರಿಸಿ ಮಾತಾಡಬೇಕು. ಮೊದಲೇ ಬಹಿರಂಗವಾದದ್ದಕ್ಕೆ ಪೇಟೆಂಟ್ ಸಿಗುವುದು ಕಷ್ಟ. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧ ಇಂಥ ಕೆಲವಕ್ಕೆ ಮಾತ್ರ 12 ತಿಂಗಳ ವಿನಾಯಿತಿ ಇದೆ. ಕಾಲೇಜು ಉತ್ಸವ ಅದರೊಳಗೆ ಬರುವುದಿಲ್ಲ. ಆಮೇಲೆ ಶೆಡ್ಡಿಗೆ ಹೋಗಿ ಕೇಳಬೇಕು: ಕರೆಂಟ್ ಎಷ್ಟು ಹೊತ್ತು ಇರುತ್ತದೆ? ಯಂತ್ರ ಕೊಳ್ಳುತ್ತೀರೋ, ಬಾಡಿಗೆಗೆ ಸಾಕೋ? ಒಂದು ಸುಗ್ಗಿ ಬಿಟ್ಟು ಉಳಿದ ತಿಂಗಳು ಅದಕ್ಕೇನು ಕೆಲಸ? ಈ ಉತ್ತರಗಳು ಪೇಟೆಂಟ್ ಅರ್ಜಿಗಿಂತ ಜಾಸ್ತಿ ಬೆಲೆಬಾಳುತ್ತವೆ.

ಬಾಗಲಕೋಟೆಗೆ ಬಂದರೆ ಲೆಕ್ಕವೇ ಬದಲು. ಅಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಹೊಸ ದಾಳಿಂಬೆ ತಳಿ ಬಂತು ಅನ್ನಿ, ಅದಕ್ಕೆ ಪೇಟೆಂಟ್ ಸಿಗುವುದಿಲ್ಲ. ನಮ್ಮ ಪೇಟೆಂಟ್ ಕಾಯ್ದೆ ಗಿಡ, ಬೀಜ, ತಳಿಗಳನ್ನು ಹೊರಗಿಟ್ಟಿದೆ. ಅದಕ್ಕಿರುವುದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ. ಮರ, ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷ ರಕ್ಷಣೆ. ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕು ರೈತರಿಗೆ ಉಳಿದಿದೆ. ಯಂತ್ರದ ಪೇಟೆಂಟ್ ಮಾತ್ರ ಕಲಿತವರು ಇಲ್ಲಿ ಎಡವುತ್ತಾರೆ. ಹಾಗಾಗಿ ಎಲ್ಲರಿಗೂ ಒಂದು ಬುನಾದಿ, ಅದರ ಮೇಲೆ ಕ್ಷೇತ್ರಕ್ಕೆ ತಕ್ಕ ಪಾಠ ಇರಬೇಕು, ಅಲ್ವಾ?

ಈ ದಾರಿ ಹೊಸದಲ್ಲ. ಸಂಶೋಧನೆಯನ್ನು ಪೇಟೆಗೆ ತರುವ ಈ ಕೆಲಸಕ್ಕೆ ತಂತ್ರಜ್ಞಾನ ವರ್ಗಾವಣೆ ಅನ್ನುತ್ತಾರೆ. ಆ ವೃತ್ತಿಪರರ ಅಂತರರಾಷ್ಟ್ರೀಯ ಒಕ್ಕೂಟ ಎಟಿಟಿಪಿ 2010ರಲ್ಲಿ ಶುರುವಾಯಿತು. ಕೆಲಸದ ಅನುಭವ, ಪಡೆದ ತರಬೇತಿ ನೋಡಿ ಅದು ‘ಆರ್‌ಟಿಟಿಪಿ’ (ನೋಂದಾಯಿತ ತಂತ್ರಜ್ಞಾನ ವರ್ಗಾವಣೆ ವೃತ್ತಿಪರ) ಅನ್ನುವ ಮಾನ್ಯತೆ ಕೊಡುತ್ತದೆ. ನಮ್ಮಲ್ಲೂ 2013ರಿಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಇದೆ. ಅದರಲ್ಲಿ ಒಂದೊಂದು ಕೆಲಸಕ್ಕೂ ಏನು ಮಾಡಬಲ್ಲರು, ಏನು ತಿಳಿದಿರಬೇಕು ಅಂತ ಬಿಡಿಸಿ ಬರೆಯುತ್ತಾರೆ.

ಈ ಕಸುಬಿಗೆ ಬರುವವರನ್ನು ಪರೀಕ್ಷಿಸುವವರ ಸಾಲಿನಲ್ಲಿ ಪ್ರಾಧ್ಯಾಪಕರಷ್ಟೇ ಕೂರಬಾರದು. ಪೇಟೆಂಟ್ ಏಜೆಂಟ್, ಬೆಳೆಗಾರರು, ಬೆಳಗಾವಿ ಉದ್ಯಮಬಾಗದ ವರ್ಕ್‌ಶಾಪ್ ಮಾಲೀಕರೊಬ್ಬರು ಇರಲಿ. ಅಭ್ಯರ್ಥಿಯ ಕೈಗೆ ಒಂದು ಕರಾರಿನ ಕರಡು ಕೊಡಲಿ. ಪೂರ್ತಿ ಹಕ್ಕು ಪಡೆದ ಕಂಪನಿ ವರ್ಷಗಟ್ಟಲೆ ಒಂದು ಯಂತ್ರವನ್ನೂ ಮಾಡದೆ ಕುಳಿತರೆ ಹಕ್ಕು ಸಂಸ್ಥೆಗೆ ವಾಪಸ್ ಬರಬೇಕು. ಆ ಷರತ್ತು ಕರಡಿನಲ್ಲಿ ಇಲ್ಲ ಅನ್ನುವುದನ್ನು ಅಭ್ಯರ್ಥಿ ಹಿಡಿಯುತ್ತಾರಾ, ಎರಡೂ ಕಡೆಯವರು ಒಪ್ಪುವ ಹಾಗೆ ಅದನ್ನು ಬರೆಯುತ್ತಾರಾ, ಅದನ್ನು ನೋಡಲಿ.