ನಾಯಿಯ ಮಲಬದ್ಧತೆ: ಯಾವುದು ಹೌದು, ಯಾವುದು ಅಲ್ಲ

‘ಬದ್ಧ’ ಎಂದರೆ ಕಟ್ಟಲ್ಪಟ್ಟದ್ದು. ‘ಮಲ ಕಟ್ಟಿದೆ’ ಎಂದು ನಾವು ಆಡುಮಾತಿನಲ್ಲಿ ಹೇಳುವುದನ್ನೇ ‘ಮಲಬದ್ಧತೆ’ ಎಂಬ ಸಂಸ್ಕೃತಮೂಲದ ಪದವೂ ಹೇಳುತ್ತದೆ. ಮಲವು ದೊಡ್ಡ ಕರುಳಿನಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತು, ಒಣಗಿ ಗಟ್ಟಿಯಾಗಿ, ಹೊರಬರಲು ಕಷ್ಟವಾಗುವುದು ಅಥವಾ ಬಾರದೇ ಇರುವುದು ಇದರ ಅರ್ಥ. ಮಲದಲ್ಲಿರುವ ನೀರನ್ನು ಹೀರಿಕೊಳ್ಳುವುದು ದೊಡ್ಡ ಕರುಳಿನ ಕೆಲಸಗಳಲ್ಲಿ ಒಂದಾದ್ದರಿಂದ, ಮಲ ತಡೆದಷ್ಟೂ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ತಡೆಯುತ್ತದೆ. ವಿಸರ್ಜಿಸುವಾಗ ನೋವಾದ ನಾಯಿ ಮರುದಿನ ತಾನಾಗಿಯೇ ತಡೆದುಕೊಳ್ಳುವುದರಿಂದ ತೊಂದರೆ ಇನ್ನಷ್ಟು ಬಿಗಿಯಾಗುತ್ತದೆ.

ಸಾಮಾನ್ಯವಾಗಿ ಆರೋಗ್ಯವಂತ ನಾಯಿ ದಿನಕ್ಕೆ ಒಂದರಿಂದ ಮೂರು ಸಲ ಮಲ ವಿಸರ್ಜಿಸುತ್ತದೆ. ಆದರೆ ಹೊತ್ತು ತಪ್ಪಿದ್ದನ್ನೆಲ್ಲ ಮಲಬದ್ಧತೆ ಎನ್ನಲಾಗದು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಕಡೆ ಅಡ್ಡಾಡಿ ಬಂದ ಮೇಲೆಯೇ ಹೊಟ್ಟೆ ಸಡಿಲಿಸುವ ಅಭ್ಯಾಸವಿರುವ ನಾಯಿ, ಜಡಿಮಳೆಯ ದಿನ ಮನೆಯಲ್ಲೇ ಉಳಿದರೆ ಸಂಜೆಯವರೆಗೂ ತಡೆದುಕೊಂಡೀತು. ಹಿಂದಿನ ದಿನ ಉಣ್ಣದ ನಾಯಿಯ ಮಲ ಕಡಿಮೆಯಾಗುವುದೂ ಸಹಜ. ಇವು ಅನಿಯಮಿತತೆ ಮಾತ್ರ. ಮಲ ಮೆತ್ತಗಿದ್ದು ಸಲೀಸಾಗಿ ಬರುತ್ತಿರುವ ತನಕ ರೋಗದ ಹೆಸರು ಬೇಕಿಲ್ಲ.

ಹೆಚ್ಚು ಗೊಂದಲವಾಗುವುದು ತಿಣುಕುವಿಕೆಯ ವಿಷಯದಲ್ಲಿ. ನಾಯಿ ಬೆನ್ನು ಬಾಗಿಸಿ ಮತ್ತೆ ಮತ್ತೆ ಕುಳಿತು ತಿಣುಕಿದರೆ ಮಲ ಕಟ್ಟಿದೆ ಎಂದೇ ಮನೆಯವರು ತೀರ್ಮಾನಿಸುತ್ತಾರೆ. ದೊಡ್ಡ ಕರುಳಿನ ಉರಿಯೂತದಲ್ಲಿಯೂ ನಾಯಿ ಹೀಗೆಯೇ ತಿಣುಕುತ್ತದೆ. ಆಗ ಬರುವುದು ಸ್ವಲ್ಪ ಸ್ವಲ್ಪವೇ ತೆಳು ಮಲ, ಲೋಳೆ, ಕೆಲವೊಮ್ಮೆ ರಕ್ತ. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡ ಗಂಡುನಾಯಿಯೂ ತಿಣುಕುತ್ತದೆ. ಮಲ ಕಟ್ಟುವುದಕ್ಕೂ ಮೂತ್ರ ಕಟ್ಟುವುದಕ್ಕೂ ಕನ್ನಡದಲ್ಲಿ ಕ್ರಿಯಾಪದ ಒಂದೇ ಆದರೂ, ಎರಡನೆಯದು ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೆ ಅಪಾಯ ತರಬಲ್ಲದು. ಆದ್ದರಿಂದ ನಾಯಿ ಮೂತ್ರ ಮಾಡಿದೆಯೇ ಎಂಬುದನ್ನು ಮೊದಲು ಗಮನಿಸಬೇಕು.

ಕಾರಣಗಳಲ್ಲಿ ನಮ್ಮ ಕಡೆ ಎದ್ದು ಕಾಣುವುದು ಮೂಳೆ. ಭಾನುವಾರದ ಬಾಡೂಟ ಮುಗಿದ ಮೇಲೆ ತಟ್ಟೆಯಲ್ಲುಳಿದ ಮೂಳೆಗಳನ್ನೆಲ್ಲ ನಾಯಿಗೆ ಸುರಿಯುವುದು ಪ್ರೀತಿಯ ರೂಢಿ, ನಿಜ. ಆದರೆ ಅಗಿದ ಮೂಳೆಯ ಚೂರುಗಳು ಮಲದೊಡನೆ ಬೆರೆತು ಸೀಮೆಸುಣ್ಣದಂತೆ ಬೆಳ್ಳಗೆ, ಪುಡಿಪುಡಿಯಾಗಿ, ಗಟ್ಟಿಯಾಗುತ್ತವೆ. ಬೇಯಿಸಿದ ಮೂಳೆ ಸಿಬಿರೆದ್ದು ಕರುಳಿಗೆ ಗಾಯವನ್ನೂ ಮಾಡೀತು. ನುಂಗಿದ ಕೂದಲು, ಸಾಕಷ್ಟು ನೀರು ಕುಡಿಯದಿರುವುದು, ಕೆಲವು ಔಷಧಿಗಳು, ಗುದಗ್ರಂಥಿಗಳ ನೋವು, ಅಪಘಾತದಲ್ಲಿ ಮುರಿದು ಓರೆಯಾಗಿ ಕೂಡಿಕೊಂಡ ಸೊಂಟದ ಮೂಳೆ ಇವೂ ಕಾರಣವಾಗಬಹುದು. ಸಂತಾನಹರಣ ಚಿಕಿತ್ಸೆಯಾಗದ ವಯಸ್ಸಾದ ಗಂಡುನಾಯಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ದಾರಿಯನ್ನೇ ಒತ್ತುವುದುಂಟು.

ಮನೆಮದ್ದಿನ ಬಗ್ಗೆ ಎಚ್ಚರ ಬೇಕು. ಹರಳೆಣ್ಣೆಯನ್ನಾಗಲಿ ಇನ್ನಾವುದೇ ಎಣ್ಣೆಯನ್ನಾಗಲಿ ಬಲವಂತವಾಗಿ ಬಾಯಿಗೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮನುಷ್ಯರಿಗೆಂದು ಅಂಗಡಿಯಲ್ಲಿ ಸಿಗುವ ಫಾಸ್ಫೇಟ್ ಎನಿಮಾ ರಕ್ತದ ಲವಣಾಂಶಗಳನ್ನು ಏರುಪೇರು ಮಾಡಿ, ಅದರಲ್ಲೂ ಸಣ್ಣ ನಾಯಿಗಳಿಗೆ, ವಿಷವೇ ಆಗುತ್ತದೆ. ನಾಯಿ ಲವಲವಿಕೆಯಿಂದಿದ್ದರೆ ನೀರನ್ನು ಹೆಚ್ಚಿಸಿ, ಉಪ್ಪು, ಈರುಳ್ಳಿ, ಒಗ್ಗರಣೆ ಯಾವುದೂ ಇಲ್ಲದೆ ಬೇಯಿಸಿದ ಸಿಹಿಗುಂಬಳವನ್ನು ಅನ್ನಕ್ಕೆ ಒಂದೆರಡು ಚಮಚ ಕಲಸಿ ಕೊಡುವುದಷ್ಟೇ ಮನೆಯವರ ಮಿತಿ. ಎರಡು ದಿನ ಮಲ ಬಾರದಿದ್ದರೆ ಪಶುವೈದ್ಯರಿಗೆ ತೋರಿಸಬೇಕು; ವಾಂತಿ, ಮಂಕು, ಊದಿದ ಹೊಟ್ಟೆ ಕಂಡರೆ ಆ ಎರಡು ದಿನವನ್ನೂ ಕಾಯಬಾರದು.

ತಿಂಗಳುಗಟ್ಟಲೆ ಹೀಗೆಯೇ ಕಟ್ಟುತ್ತಾ ಹೋದರೆ ಕರುಳು ಹಿಗ್ಗಿ, ಅದರ ಸ್ನಾಯುಗಳು ಹಿಂಡುವ ಶಕ್ತಿಯನ್ನು ಕಳೆದುಕೊಳ್ಳಬಹುದು. ಇದಕ್ಕೆ ವೈದ್ಯರು ‘ಮೆಗಾಕೋಲನ್’ ಎನ್ನುತ್ತಾರೆ. ಇದು ಬೆಕ್ಕುಗಳಲ್ಲಿ ಹೆಚ್ಚು, ನಾಯಿಗಳಲ್ಲಿ ಅಪರೂಪ.